ಪನಿಶ್‌ಮೆಂಟ್ ಅಲ್ಲ ದೋಸ್ತ, ಕಲಬುರಗಿ

ಟ್ರಾನ್ಸ್‌ಫರ್ ಆರ್ಡರ್ ಕೈಗೆ ಬಂದ ದಿನವೇ ಫೋನ್ ಮಾಡಿದೆ ನೀನು. "ನಿಮ್ಮೂರಲ್ಲಿ ಬಿಸಿಲು ಬಿಟ್ಟರೆ ಏನಿದೆ ಮಾರಾಯ? ಇದು ಪನಿಶ್‌ಮೆಂಟೇ ಅಲ್ವಾ?" ಅಂದೆ. ಮೈಸೂರಿನವನಿಗೆ ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಬಿಸಿಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲ. ಇದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಆದರೆ ಇಲ್ಲಿ ಯಾರೂ ಅದನ್ನು ಸುದ್ದಿ ಅಂತ ಎಣಿಸುವುದಿಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಿನಗೆ ಲಾಭವೇ ಆಯ್ತು. ಮನೆಗೆ ಬಾ, ಕೂಲರಿಗೆ ನೀರು ಸುರಿ, ಶಹಾಬಾದ್ ಕಲ್ಲಿನ ಫರಸಿಯ ಮೇಲೆ ಚಾಪೆ ಹಾಸದೆ ಬೆನ್ನು ಚಾಚು. ಹೊತ್ತು ಇಳಿದ ಮೇಲೆ ಊರು ಇನ್ನೊಂದು ಸಲ ಏಳುತ್ತದೆ.

ಹೊರಗಿನವರು ನೋಡುವ ಕಲಬುರಗಿ ಬಹಳ ಚಿಕ್ಕದು. ಸ್ಟೇಷನ್‌ನಲ್ಲಿ ಇಳಿಯುತ್ತಾರೆ, ಧೂಳು ಕುಡಿಯುತ್ತಾ ಆಟೋದಲ್ಲಿ ಬರುತ್ತಾರೆ, ನೋಡಲು ಏನಿದೆ ಅನ್ನುತ್ತಾರೆ. ಕೋಟೆಗೆ ಕರೆದುಕೊಂಡು ಹೋದರೆ, ಒಳಗೆ ಜನ ಸಂಸಾರ ಹೂಡಿದ್ದಾರಲ್ಲ ಅಂತ ಮುಖ ಸಿಂಡರಿಸುತ್ತಾರೆ. ಅದೇ ಕೋಟೆಯಲ್ಲಿ 1367ರ ಜಾಮಾ ಮಸೀದಿ ಇದೆ. ಬೇರೆ ಮಸೀದಿಗಳಲ್ಲಿ ಇರುವ ತೆರೆದ ಅಂಗಳ ಅದಕ್ಕಿಲ್ಲ, ಇಡೀ ಕಟ್ಟಡ ಗುಮ್ಮಟಗಳ ನೆರಳಿನಲ್ಲೇ ಇದೆ. ನಮ್ಮ ಮೇ ತಿಂಗಳನ್ನು ಅರ್ಥ ಮಾಡಿಕೊಂಡು ಕಟ್ಟಿದವನು ಅವನೊಬ್ಬನೇ ಅಂತ ನನ್ನ ಅಭಿಪ್ರಾಯ. ಈಗ ಕಟ್ಟುವವರು ಬರೀ ಗಾಜು ಹಾಕುತ್ತಾರೆ.

ಇಲ್ಲಿರುವವರಿಗೆ ಊರು ಅಂದರೆ ಬೇರೆ. ಸಂಜೆ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆಯ ದಂಡೆ, ಗುರುವಾರ ಬಂದೇ ನವಾಜ್ ದರ್ಗಾ. ರಾಶಿ ಮುಗಿದ ಮೇಲೆ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೋಗಬೇಕು ನೀನು. ತೊಗರಿ ಚೀಲಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ನೀವು ಮೈಸೂರಿನಲ್ಲಿ ಸಾರು ಮಾಡುವ ಬೇಳೆಯ ಪ್ಯಾಕೆಟ್ ಒಮ್ಮೆ ತಿರುಗಿಸಿ ನೋಡು. ಕಿರಾಣಾ ಬಜಾರಿನ ಅಂಗಡಿಯವನು ನನ್ನ ಜೊತೆ ಕನ್ನಡ, ಪಕ್ಕದವನ ಜೊತೆ ಉರ್ದು, ಹಿಂದೆ ನಿಂತವಳ ಜೊತೆ ಮರಾಠಿ ಮಾತಾಡುತ್ತಾನೆ. ತಕ್ಕಡಿಯಿಂದ ಮಾತ್ರ ಕಣ್ಣು ತೆಗೆಯುವುದಿಲ್ಲ. ಇದನ್ನು ಕೇಳಿ, ನಿಮ್ಮದು ಕನ್ನಡವೇ ಅಲ್ಲ ಅನ್ನುವವರಿಗೆ ಮಳಖೇಡದ ಹೆಸರು ಹೇಳುತ್ತೇನೆ. ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ ನೃಪತುಂಗನ ಆ ಆಸ್ಥಾನದ್ದು, ಊರು ನಮ್ಮ ಸೇಡಂ ತಾಲೂಕಿನಲ್ಲಿದೆ. ಇದನ್ನು ಎಲ್ಲರಿಗೂ ಹೇಳುವುದಿಲ್ಲ, ಮೈಸೂರಿನವರಿಗೆ ಮಾತ್ರ.

ಬಿಸಿಲಿಗೆ ಕೂಲರ್ ಇದೆ. ನಮಗೆ ನಿಜವಾಗಿ ಸಾಕುಸಾಕಾಗಿರುವುದು, ನಾವು ಈ ಊರಿನವರೇ ಅಂತ ಸಾಬೀತು ಮಾಡುವ ಕೆಲಸ.

371(ಜೆ) ಬಗ್ಗೆ ನೀನು ಕೇಳಿರುತ್ತೀಯ. ಸಂವಿಧಾನದ 98ನೇ ತಿದ್ದುಪಡಿ. ನಿಮ್ಮ ಕಡೆಯವರು "ನಿಮಗೇನಪ್ಪಾ, ಸೀಟು ಗ್ಯಾರಂಟಿ" ಅಂತ ಚುಚ್ಚುವುದು ಇದರ ಬಗ್ಗೆಯೇ. ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗದವರಾದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ. ಸರ್ಕಾರ 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿತು. ಈ ಮೀಸಲಾತಿಗೆ ಬೇಕಾದ ಪ್ರಮಾಣಪತ್ರವನ್ನು ನಾವು ಇನ್ನೂ ಎಚ್‌ಕೆ ಸರ್ಟಿಫಿಕೇಟ್ ಅಂತಲೇ ಅನ್ನುತ್ತೇವೆ. ನಿಜಾಮ 1800ರಲ್ಲೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಬಳ್ಳಾರಿಯೂ ಇದರಲ್ಲಿ ಸೇರಿದೆ, ಅದು ಬೇರೆ ಕಥೆ.

ಅಣ್ಣನ ಮಗಳಿಗೆ ಈ ಸರ್ಟಿಫಿಕೇಟ್ ಬೇಕಿತ್ತು. ಹುಡುಗಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಇಲ್ಲೇ ಓದಿದವಳು. ಆದರೆ ಅತ್ತಿಗೆಯ ತವರು ಅಕ್ಕಲಕೋಟೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಆಯಿತು. ಹಾಗಾಗಿ ಜನನ ಪ್ರಮಾಣಪತ್ರ ಮಹಾರಾಷ್ಟ್ರದ್ದು. ಅಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಸಾಲಾಗಿ ಬರೆದಿದ್ದಾರೆ. ಇಲ್ಲಿ ಶಾಲೆಯಲ್ಲಿ ಅಡ್ಡಹೆಸರೇ ಇಲ್ಲ. ಕಚೇರಿಯ ಗುಮಾಸ್ತರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, "ಇವರಿಬ್ಬರೂ ಒಬ್ಬರೇನಾ?" ಅಂದರು. ಬಾಂಡ್ ಪೇಪರ್, ನೋಟರಿ, ಅಫಿಡವಿಟ್ ಆಯಿತು.

ಅದಾದ ಮೇಲೆ, ತಂದೆಯ ಕಡೆಯ ಮೂಲ ತೋರಿಸಿ ಅಂದರು. ತೋರಿಸಿದೆವು. ನಮ್ಮ ಅಪ್ಪ ಹುಟ್ಟಿದ್ದು ತಾಂಡೂರಿನಲ್ಲಿ. ಗುಮಾಸ್ತರು ತಲೆ ಎತ್ತಿ, "ತಾಂಡೂರು ತೆಲಂಗಾಣ ಅಲ್ವೇನ್ರೀ?" ಅಂದರು. ಈಗ ಹೌದು. ಅಪ್ಪ ಹುಟ್ಟಿದಾಗ ಅದು ಗುಲಬರ್ಗಾ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಹಂಚಿದಾಗ ತಾಂಡೂರು, ಕೊಡಂಗಲ್ ಎರಡನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಪ್ಪ ಸಣ್ಣವರಿದ್ದಾಗಲೇ ಅಜ್ಜ ಇಲ್ಲಿಗೆ ಬಂದು ಗಂಜ್‌ನ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರಾದರು. ಅವರ ಲೆಕ್ಕದಲ್ಲಿ ಅವರು ತಾಲೂಕಿನಿಂದ ಜಿಲ್ಲೆಗೆ ಬಂದವರು. ರಾಜ್ಯ ದಾಟಿದ್ದು ಅವರಲ್ಲ, ಗಡಿ.

ಅಪ್ಪನ ಶಾಲೆಯ ದಾಖಲಾತಿ ನಕಲು ಒಂದಿದೆ. ಮಡಿಕೆಗಳಲ್ಲಿ ಹರಿದು, ಹಿಂದೆ ಟೇಪ್ ಹಚ್ಚಿಸಿಕೊಂಡ ಕಾಗದ. ಪೂರ್ತಿ ಉರ್ದು. ಅದರಲ್ಲಿ ತಾಲೂಕು ತಾಂಡೂರು, ಜಿಲ್ಲೆ ಗುಲಬರ್ಗಾ ಅಂತ ಸ್ಪಷ್ಟವಾಗಿದೆ. ನಮ್ಮ ಮನೆಯಲ್ಲಿ ಅಪ್ಪನ ಬಿಟ್ಟು ಯಾರಿಗೂ ಓದಲು ಬರದು, ಅಪ್ಪ ಓದಿದರೆ ಕಚೇರಿ ಒಪ್ಪದು. ಓಣಿಯ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ್ಕೆ ಬರೆದುಕೊಟ್ಟರು, ದುಡ್ಡು ಕೊಡಲು ಹೋದರೆ ಬೈದರು. ಅದಕ್ಕೂ ನೋಟರಿ. ಅಷ್ಟರಲ್ಲಿ ಗಡಿಯಾರ ಒಂದೂವರೆ ತೋರಿಸಿತು. ಬೇಸಿಗೆ ವೇಳಾಪಟ್ಟಿ ಅಂತ ಹೇಳಿದೆನಲ್ಲ, ಕಿಟಕಿ ಮುಚ್ಚಿತು.

ಕೊನೆಗೆ ವಾಸದ ಆಧಾರದ ಮೇಲೆ, ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಜೋಡಿಸಿ, ಸಿಕ್ಕಿತು. ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋದಾಗ ಲಾಡ್ಜಿನವನು ಹುಡುಗಿಯ ಮಾತು ಕೇಳಿ, "ಆಂಧ್ರದವರಾ?" ಅಂದನಂತೆ. ಅವಳಿಗೆ ಸಿಟ್ಟು ಬಂತು, ನನಗೆ ನಗು ಬಂತು. ಅವಳನ್ನು ಏನೆಂದು ಸಮಾಧಾನ ಮಾಡಲಿ? ನಮ್ಮ ರೈಲ್ವೆ ಸ್ಟೇಷನ್ನೇ ಮಹಾರಾಷ್ಟ್ರದ ಸೊಲ್ಲಾಪುರ ವಿಭಾಗದಲ್ಲಿದೆ. ಕಲಬುರಗಿ ವಿಭಾಗ ಅಂತ ಘೋಷಣೆ ಆಗಿ ಹತ್ತು ವರ್ಷ ದಾಟಿತು.

ಅವಳ ತಮ್ಮ ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ. ಅವನ ಸರ್ಟಿಫಿಕೇಟ್ ತಕರಾರಿಲ್ಲದೆ ಬಂತು. ಈಗ ಮನೆಯಲ್ಲಿ ಜಗಳ ಆದಾಗಲೆಲ್ಲ ಅಕ್ಕನಿಗೆ, "ನೀ ಮಹಾರಾಷ್ಟ್ರದಾಕಿ, ಸುಮ್ನೆ ಕೂಡು" ಅನ್ನುತ್ತಾನೆ.

ನಿನಗೆ ಇದ್ಯಾವುದರ ತಂಟೆಯಿಲ್ಲ, ಜಾಯಿನಿಂಗ್ ರಿಪೋರ್ಟ್ ಕೊಟ್ಟರೆ ಮುಗಿಯಿತು. ಬಾಡಿಗೆ ಮನೆ ನಾನು ನೋಡಿಡುತ್ತೇನೆ. ಎತ್ತರದಲ್ಲಿ ಗಾಳಿ ಬರುತ್ತದೆ ಅಂತ ಮೇಲಿನ ಮಹಡಿ ಕೇಳಬೇಡ, ಸ್ಲ್ಯಾಬ್ ಕಾದರೆ ರಾತ್ರಿಯಿಡೀ ಆರುವುದಿಲ್ಲ. ಕೂಲರ್ ಕೂರಿಸುವಷ್ಟು ಅಗಲದ ಕಿಟಕಿ ಇದೆಯಾ ಅಂತ ನಾನೇ ಅಳತೆ ತೆಗೆದು ಹೇಳುತ್ತೇನೆ. ಅಡ್ವಾನ್ಸ್ ಮಾತ್ರ ಈ ವಾರವೇ ಕಳಿಸು.