15ನೇ ತಾರೀಖು, 00:20

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ನಾಲ್ಕು ಪುಟ. ಅಷ್ಟೂ ಅಚ್ಚು ಹಾಕಲು ಜಾಗ ಇಲ್ಲ, ಹಾಗಾಗಿ ಬೇರೆ ಓದುಗರಿಗೆ ವಿಷಯ ಏನು ಅಂತ ನಾನೇ ಹೇಳಿಬಿಡುತ್ತೇನೆ. ನೀವು ರಾತ್ರಿ ಅರಸೀಕೆರೆ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುತ್ತಿದ್ದಿರಿ. ಪಕ್ಕದಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ. ಅವನ ಟಿಕೆಟ್ಟಿನಲ್ಲಿ ಇದ್ದದ್ದು 15ನೇ ತಾರೀಖು, 00:20. ಅವನು ಬಂದದ್ದು 15ರ ರಾತ್ರಿ, ಊಟ ಮುಗಿಸಿಕೊಂಡು. ಅವನ ರೈಲು ಹಿಂದಿನ ರಾತ್ರಿಯೇ ಹೋಗಿಯಾಗಿತ್ತು. ಜನರಲ್ ಟಿಕೆಟ್ ಎಲ್ಲಿ ಕೊಡುತ್ತಾರೆ ಅಂತಲೂ ಅವನಿಗೆ ಗೊತ್ತಿರಲಿಲ್ಲ, ನೀವೇ ಕರೆದುಕೊಂಡು ಹೋಗಿ ಕೊಡಿಸಿದಿರಿ. "ಪಿಯುಸಿಯಲ್ಲಿ ತೊಂಬತ್ತಾರು ಪರ್ಸೆಂಟ್ ಅಂತೆ, ನಮ್ಮ ಶಾಲೆಗಳು ಏನು ಕಲಿಸುತ್ತಿವೆ?" ಅಂತ ಕೇಳಿದ್ದೀರಿ. ಐದನೇ ಕ್ಲಾಸಿನಿಂದಲೇ ಜೀವನ ಕೌಶಲ ಅಂತ ಬೇರೆ ವಿಷಯ ಇಡಬೇಕು, ಪರೀಕ್ಷೆಯೂ ಇರಬೇಕು, ಪತ್ರಿಕೆ ಇದಕ್ಕೆ ಅಭಿಯಾನ ಮಾಡಬೇಕು ಅನ್ನುವುದು ನಿಮ್ಮ ಒತ್ತಾಯ.

ಅಭಿಯಾನ ಮಾಡುವುದಿಲ್ಲ ಮೇಷ್ಟ್ರೇ. ಕೋಪ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲು ಆ ಹುಡುಗನ ಪರವಾಗಿ ಒಂದು ಮಾತು. ಅದು ದಡ್ಡತನ ಅಲ್ಲ. ನಮ್ಮ ಮನೆಗಳಲ್ಲಿ ದಿನ ಶುರುವಾಗುವುದು ಬೆಳಗಾದ ಮೇಲೆ, ಪಂಚಾಂಗದ ಲೆಕ್ಕವೂ ಸೂರ್ಯೋದಯದಿಂದಲೇ. ಹದಿನೈದನೇ ತಾರೀಖು ರಾತ್ರಿ ರೈಲು ಅಂದರೆ ಹದಿನೈದರ ಹಗಲು ಮುಗಿದ ಮೇಲಿನ ರಾತ್ರಿ ಅಂತಲೇ ಎಲ್ಲರ ತಲೆಗೆ ಬರುವುದು. ರೈಲ್ವೆಗೆ ಮಾತ್ರ ನಡುರಾತ್ರಿ ದಾಟಿದ ತಕ್ಷಣ ತಾರೀಖು ಬದಲಾಗುತ್ತದೆ. 00:20ರ ಗಾಡಿಗೆ 14ರ ರಾತ್ರಿ ಊಟ ಮಾಡಿ ಹೊರಡಬೇಕು. ಇಪ್ಪತ್ನಾಲ್ಕು ಗಂಟೆಯ ಗಡಿಯಾರ ಗಣಿತದ ಪುಸ್ತಕದಲ್ಲಿ ಇದ್ದೇ ಇದೆ, ಅವನು ಆ ಲೆಕ್ಕ ಮಾಡಿ ಫುಲ್ ಮಾರ್ಕ್ಸ್ ತೆಗೆದುಕೊಂಡೂ ಇರುತ್ತಾನೆ. ಆ ಲೆಕ್ಕದ ಪಕ್ಕ ಒಂದು ನಿಜವಾದ ಟಿಕೆಟ್ ಇಟ್ಟು "ನೀನು ಮನೆಯಿಂದ ಯಾವತ್ತು ಹೊರಡ್ತೀಯ?" ಅಂತ ಯಾರೂ ಕೇಳಲಿಲ್ಲ, ಅಷ್ಟೇ.

ನಾನು ಬೇರೆ ವಿಷಯ ಬೇಡ ಅನ್ನುವುದು ಇದಕ್ಕೇ. ವಿಷಯ ಅಂತ ಆದ ಕೂಡಲೇ ಅದಕ್ಕೊಂದು ಪುಸ್ತಕ ಬರುತ್ತದೆ, ಆಮೇಲೆ ಗೈಡ್ ಬರುತ್ತದೆ, ಕೊನೆಗೆ "ಪಿಎನ್‌ಆರ್ ಎಂದರೇನು? ಎರಡು ಅಂಕ" ಅಂತ ಪ್ರಶ್ನೆ ಬರುತ್ತದೆ. ಟಿಕೆಟ್ಟಿನ ಮೇಲಿರುವ ಹತ್ತು ಅಂಕಿಯ ಸಂಖ್ಯೆ ಅಂತ ಬರೆದು ಎರಡು ಅಂಕ ಗಿಟ್ಟಿಸಿದ ಹುಡುಗಿ ಸ್ಟೇಷನ್ನಿನಲ್ಲಿ ಅಪ್ಪನ ಬೆನ್ನ ಹಿಂದೆಯೇ ನಿಂತಿರುತ್ತಾಳೆ.

ಅದರ ಬದಲು ಈಗಿರುವ ಪಾಠದೊಳಗೇ ರೈಲನ್ನು ತನ್ನಿ. ಭಾಗಾಕಾರವನ್ನೇ ನೋಡಿ. ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಬರ್ತ್‌ಗೆ ಒಂದು ಕಂಪಾರ್ಟ್‌ಮೆಂಟ್. ಬರ್ತ್ ನಂಬರನ್ನು ಎಂಟರಿಂದ ಭಾಗಿಸಿ ಶೇಷ ನೋಡಿದರೆ ಸಾಕು. ಒಂದು ಅಥವಾ ನಾಲ್ಕು ಉಳಿದರೆ ಲೋವರ್, ಎರಡು ಅಥವಾ ಐದಾದರೆ ಮಿಡ್ಲ್, ಮೂರು ಅಥವಾ ಆರಾದರೆ ಅಪ್ಪರ್. ಏಳು ಉಳಿದರೆ ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 43 ಅಂದರೆ ಐದೆಂಟ್ಲಿ ನಲವತ್ತು, ಉಳಿದದ್ದು ಮೂರು, ಅಪ್ಪರ್. ಮೊಣಕಾಲು ನೋವಿನ ಅಜ್ಜಿಗೆ 43 ಬಂದಿದೆ, 44ರವರನ್ನು ಕೇಳಿ ಬದಲಾಯಿಸಿಕೊಳ್ಳಬೇಕು. ಇದನ್ನು ಬೋರ್ಡಿನ ಮೇಲೆ ಬರೆದರೆ ಶೇಷ ಅನ್ನುವುದು ಯಾತಕ್ಕೆ ಬೇಕು ಅಂತ ಯಾವ ಮಗುವೂ ಕೇಳುವುದಿಲ್ಲ. ಆರ್‌ಎಸಿ ಅಂದರೆ ಒಂದು ಸೈಡ್ ಲೋವರ್‌ನಲ್ಲಿ ಇಬ್ಬರು ಕೂರುವುದು, ಹಾಗಾದರೆ ಆ ಸೀಟುಗಳ ನಂಬರು ಯಾವುವು? 7, 15, 23 ಅಂತ ಏಳರ ನಂತರ ಎಂಟೆಂಟು ಕೂಡಿಸುತ್ತಾ ಅವರೇ ಹೇಳುತ್ತಾರೆ.

ನಮ್ಮ ಕಾಲದಲ್ಲಿ ಇದೆಲ್ಲ ತಾನಾಗಿಯೇ ಬರುತ್ತಿತ್ತು ಅಂತ ಬರೆದಿದ್ದೀರಿ. ಬರುತ್ತಿದ್ದದ್ದು ರಿಸರ್ವೇಶನ್ ಫಾರಂನಿಂದ. ಒಂದು ಫಾರಂನಲ್ಲಿ ಆರು ಜನರ ಹೆಸರು, ವಯಸ್ಸು, ರೈಲಿನ ನಂಬರು, ತಾರೀಖು, ಯಾವ ಬರ್ತ್ ಬೇಕು. ಅಪ್ಪ ಕ್ಯೂನಲ್ಲಿ ನಿಂತಿರುತ್ತಿದ್ದರು, ನಾವು ಯಾರದ್ದೋ ಪೆನ್ನು ಕೇಳಿ ತಂದು ಗೋಡೆಗೆ ಒತ್ತಿಕೊಂಡು ತುಂಬುತ್ತಿದ್ದೆವು, ತಪ್ಪಾದರೆ ಕೌಂಟರಿನವರು ವಾಪಸ್ ತಳ್ಳುತ್ತಿದ್ದರು. ಈಗ ಅಪ್ಪ ರಾತ್ರಿ ಫೋನಿನಲ್ಲಿ ಬುಕ್ ಮಾಡಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಮಗ ಅದನ್ನು ತೆರೆದು ನೋಡುವುದು ಸ್ಟೇಷನ್ನಿಗೆ ಬಂದ ಮೇಲೆ. ಇದನ್ನು ಶಾಲೆಯ ಲೆಕ್ಕಕ್ಕೆ ಬರೆಯಬೇಡಿ. ಫೋನನ್ನು ಮಗನ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂರುವುದು ಮನೆಯವರ ಕೆಲಸ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಆ ಜಾಗದಲ್ಲಿ ಹುಡುಗಿ ಇದ್ದಿದ್ದರೆ? ಬಹಳ ಮನೆಗಳಲ್ಲಿ ಅವಳನ್ನು ಒಬ್ಬಳೇ ಸ್ಟೇಷನ್ನಿಗೆ ಕಳಿಸುತ್ತಲೇ ಇರಲಿಲ್ಲ, ತಮ್ಮನೋ ಚಿಕ್ಕಪ್ಪನೋ ಬಂದು ಹತ್ತಿಸುತ್ತಿದ್ದರು. ಹುಡುಗ ತಪ್ಪು ರಾತ್ರಿ ಬಂದು, ಪೇಚಾಡಿ, ಕಲಿತ. ಅವಳಿಗೆ ತಪ್ಪು ಮಾಡುವ ಅವಕಾಶವೂ ಸಿಗುವುದಿಲ್ಲ. ಮದುವೆಯಾಗಿ ಪುಣೆಗೋ ಸೊಲ್ಲಾಪುರಕ್ಕೋ ಹೋದ ಮೇಲೆ ಕಂಕುಳಲ್ಲಿ ಮಗು ಎತ್ತಿಕೊಂಡು ಒಟ್ಟಿಗೇ ಎಲ್ಲ ಕಲಿಯಬೇಕು. ನನಗೆ ಹುಡುಗನ ಕಥೆಗಿಂತ ಇದೇ ಜಾಸ್ತಿ ಬೇಜಾರಿನ ಸಂಗತಿ.

ಶಾಲೆ ಏನೂ ಮಾಡಬೇಕಿಲ್ಲ ಅಂತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಅಂತ ಇದೆ. ನಮ್ಮಲ್ಲಿ ಬ್ಯಾಗಿಲ್ಲದೆ ಶಾಲೆಗೆ ಬರುವ ಸಂಭ್ರಮ ಶನಿವಾರವೂ ಇದೆ. ಸರ್ಕಾರಿ ಶಾಲೆಗಳ ಮಕ್ಕಳ ಸಂತೆ ನೋಡಿದ್ದೀರಲ್ಲ, ಕೊತ್ತಂಬರಿ ಕಟ್ಟು ಹತ್ತು ರೂಪಾಯಿ ಅಂದ ಹುಡುಗಿ ಚೌಕಾಸಿಗೆ ಬಂದ ಹೆಡ್‌ಮಾಸ್ಟರಿಗೂ ಜಗ್ಗದೆ ಐವತ್ತಕ್ಕೆ ಚಿಲ್ಲರೆ ಎಣಿಸಿ ಕೊಡುತ್ತಾಳೆ. ಅದೇ ಧೈರ್ಯ ಸ್ಟೇಷನ್ನಿನಲ್ಲೂ ಬರುತ್ತದೆ. ನಿಮ್ಮ ಹರಿಹರದಿಂದ ದಾವಣಗೆರೆಗೆ ಪ್ಯಾಸೆಂಜರ್‌ನಲ್ಲಿ ಎಷ್ಟು ಹೊತ್ತು? ಒಂದು ಶನಿವಾರ ಏಳನೇ ಕ್ಲಾಸಿನವರನ್ನು ಕರೆದುಕೊಂಡು ಹೋಗಿ. ಟಿಕೆಟ್ ಅವರೇ ಕೊಳ್ಳಲಿ, ಹನ್ನೆರಡು ತುಂಬದವರಿಗೆ ಅರ್ಧ ಅಂತ ಅವರೇ ಕಂಡುಕೊಳ್ಳಲಿ, ಪ್ಲಾಟ್‌ಫಾರಂ ಯಾವುದು ಅಂತ ಅವರೇ ವಿಚಾರಿಸಲಿ. ಹಳಿ ದಾಟಲು ಮತ್ತು ಓಡುವ ಗಾಡಿ ಹತ್ತಲು ಮಾತ್ರ ಬಿಡಬೇಡಿ, ಉಳಿದದ್ದಕ್ಕೆಲ್ಲ ಬಾಯಿ ಮುಚ್ಚಿಕೊಂಡಿರಿ. ಮೇಷ್ಟ್ರುಗಳಿಗೆ ಅದೇ ಕಷ್ಟ, ಗೊತ್ತು.

ನಮ್ಮ ಕಡೆಯಿಂದ ಇಷ್ಟು ಮಾಡುತ್ತೇವೆ. ಮುಂದಿನ ತಿಂಗಳಿನಿಂದ ಮಕ್ಕಳ ಪುಟದಲ್ಲಿ ಒಂದು ಮಾದರಿ ಟಿಕೆಟ್ ಅಚ್ಚು ಹಾಕಿ ಪ್ರಶ್ನೆ ಕೇಳುತ್ತೇವೆ. ಮೊದಲನೆಯದನ್ನು ನೀವೇ ಬರೆದು ಕಳಿಸಿ, 00:20ರದ್ದೇ ಇರಲಿ. ಎರಡು ಪುಟ ಮೀರಬೇಡಿ. ಆ ಹುಡುಗನ ಹೆಸರು, ಕಾಲೇಜು ಮಾತ್ರ ಬೇಡ.

– ಸಂ.