ಸಮೋವಾಕ್ಕೆ ಬರುವ ತಮ್ಮನಿಗೆ

ತಮ್ಮಾ, ಪಾಠ ಹೇಳುವ ಕೆಲಸ ಸಿಕ್ಕಿ ಸಮೋವಾದ ರಾಜಧಾನಿ ಆಪಿಯಾಕ್ಕೆ ಬರುತ್ತಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ಬಾಡಿಗೆ ಎಷ್ಟು, ಜ್ವಾಲಾಮುಖಿಯ ಭಯ ಇದೆಯಾ, ಸಸ್ಯಾಹಾರಿಗಳು ಏನು ತಿನ್ನೋದು ಅಂತ ಕೇಳಿದ್ದೀಯ.

ಬಾಡಿಗೆ ವಿಷಯ ಬಂದ ಮೇಲೆ ನೋಡೋಣ. ಮೊದಲ ವಾರ ನಮ್ಮನೆಯಲ್ಲೇ ಇರು. ಊರಿಗೆ ಫೋನ್ ಮಾಡುವಾಗ ಗಮನವಿರಲಿ, ಇಲ್ಲಿನ ಗಡಿಯಾರ ಏಳೂವರೆ ಗಂಟೆ ಮುಂದೆ. ನಾನು ಬಂದಾಗ ಹಿಂದೆ ಇತ್ತು. 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ತೆಗೆದುಬಿಟ್ಟರು. ಗುರುವಾರ ಮಲಗಿ ಶನಿವಾರ ಎದ್ದೆವು!

ಜ್ವಾಲಾಮುಖಿಗೆ ಹೆದರಬೇಡ. ಸವಾಯಿ ದ್ವೀಪದ ಮಾತಾವನು ಬೆಟ್ಟ 1905ರಿಂದ 1911ರವರೆಗೆ ಬೆಂಕಿ ಉಗುಳಿತ್ತು, ಆಮೇಲೆ ಸುಮ್ಮನಿದೆ. ಫೆರಿಯಲ್ಲಿ ಹೋದರೆ ಗಂಟೆ ಚಿಲ್ಲರೆ ದಾರಿ. ಅಲ್ಲೊಂದು ಹಳೇ ಚರ್ಚಿನೊಳಗೆ ಲಾವಾ ನುಗ್ಗಿ ಹಾಗೇ ಗಟ್ಟಿಯಾಗಿದೆ. ಸುತ್ತ ನೆಲವೆಲ್ಲ ಕಪ್ಪು, ಸೀರೆಯ ನೆರಿಗೆಯ ಹಾಗೆ. ಬಿರುಕಿನಲ್ಲಿ ಜರಿಗಿಡ ಹಸಿರಾಗಿ ನಿಂತಿರುತ್ತದೆ. ಒಮ್ಮೆ ಕರೆದುಕೊಂಡು ಹೋಗುತ್ತೇನೆ.

ಹಳ್ಳಿಗಳಲ್ಲಿ ಸಂಜೆ ಪ್ರಾರ್ಥನೆಗೆ ಗಂಟೆಯೋ ಶಂಖವೋ ಕೇಳಿದರೆ ಅಲ್ಲೇ ನಿಲ್ಲು. ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ನಿನಗೆ ಗೊತ್ತಲ್ವಾ.

ಊಟದ ವಿಷಯಕ್ಕೆ ಬರುತ್ತೇನೆ. ನಾನು ಬಂದ ಹೊಸದರಲ್ಲಿ, ಭಾನುವಾರ ಪಕ್ಕದ ಮನೆಯಲ್ಲಿ ಕಲ್ಲು ಕಾಯಿಸಿ ಅಡುಗೆ ಮಾಡುತ್ತಿದ್ದರು. ಆ ಮನೆಯ ಅಜ್ಜಿ ಮೊಮ್ಮಗನ ಕೈಯಲ್ಲಿ ಪಲುಸಾಮಿ ಕಳಿಸಿದರು. ಎಳೇ ಕೆಸುವಿನೆಲೆ, ತೆಂಗಿನ ಹಾಲು, ಈರುಳ್ಳಿ ಸೇರಿಸಿ ಪೊಟ್ಟಣ ಕಟ್ಟಿ ಬೇಯಿಸಿದ್ದು. ಕೆಲವರು ಅದಕ್ಕೆ ಡಬ್ಬಿಯ ಮಾಂಸ ಹಾಕುತ್ತಾರೆ ಅಂತ ಕೇಳಿದ್ದೆ. ಒಳಗೇನಿದೆ ಅಂತ ವಿಚಾರಿಸದೆ, ಬೇಡಪ್ಪಾ ಅಂದುಬಿಟ್ಟೆ. ನಾಲ್ಕು ಭಾನುವಾರ ಹೀಗೇ ಆಯಿತು. ಐದನೇ ವಾರ ಹುಡುಗ ಬರಲಿಲ್ಲ.

ಎರಡು ವರ್ಷ ಕಳೆದು ಅಜ್ಜಿ ತೀರಿಕೊಂಡರು. ಇಲ್ಲಿ ಮನೆಯವರನ್ನು ಅಂಗಳದಲ್ಲೇ ಮಣ್ಣು ಮಾಡುತ್ತಾರೆ. ಮಾತಾಡಿಸಲು ಹೋದಾಗ ಮಗಳು ಹೇಳಿದಳು, "ನೀವು ಇಂಡಿಯಾದವರು ಅಂತ ಅಮ್ಮ ನಿಮ್ಮ ಪೊಟ್ಟಣ ಬೇರೆಯೇ ಕಟ್ಟುತ್ತಿದ್ದರು, ಮಾಂಸ ಹಾಕದೆ." ಅವತ್ತು ಅವಳು ಬಡಿಸಿದ್ದನ್ನು ಬಾಯಿಗಿಟ್ಟರೆ ನಮ್ಮಮ್ಮನ ಆಟಿ ತಿಂಗಳ ಪತ್ರೊಡೆ ನೆನಪಾಯಿತು. ನುಂಗೋಕಾಗಲಿಲ್ಲ.

ಯಾರೇ ಕೊಡಲಿ, ಎರಡೂ ಕೈಯಲ್ಲಿ ತಗೋ. ಒಳಗೇನಿದೆ ಅಂತ ಆಮೇಲೆ ಮೆಲ್ಲಗೆ ಕೇಳು.

ಈಗಲೂ ಅಜ್ಜಿಯ ಸಮಾಧಿ ಮೇಲೆ ಮಕ್ಕಳು ಕೂತು ಆಡುತ್ತಿರುತ್ತವೆ. ಭಾನುವಾರ ನಾನು ಪತ್ರೊಡೆ ಮಾಡಿ ಕಳಿಸುತ್ತೇನೆ. ಪಾತ್ರೆಯಲ್ಲಿ ಸುಟ್ಟ ಜೀಗುಜ್ಜೆ ತುಂಬಿ ಬರುತ್ತದೆ, ಒಮ್ಮೆಯೂ ಖಾಲಿ ಬಂದಿಲ್ಲ.

ಟಿಕೆಟ್ ಆದ ಮೇಲೆ ದಿನ ತಿಳಿಸು. ಏರ್‌ಪೋರ್ಟಿಗೆ ನಾನೇ ಬರುತ್ತೇನೆ.