ಗೇಮ್ ಆಡುವ ಮಗನಿಗೆ ಇಷ್ಟು ಸಿಟ್ಟು ಯಾಕೆ?

ಪತ್ರ: ಒಂಬತ್ತನೇ ಕ್ಲಾಸಿನ ಮಗ ದಿನಾ ರಾತ್ರಿ ಮೊಬೈಲಿನಲ್ಲಿ ಬಿಜಿಎಂಐ ಅನ್ನುವ ಬಂದೂಕಿನ ಕಾದಾಟದ ಗೇಮ್ ಆಡುತ್ತಾನೆ. ‘ಹೊಡಿ, ಬಿಡಬೇಡ, ಸಾಯಿಸು’ ಅಂತ ಕೂಗುತ್ತಾನೆ. ಹೋದ ವಾರ ಫೋನ್ ಕಿತ್ತುಕೊಂಡಾಗ ಅಡ್ಡ ಬಂದ ತಂಗಿಯನ್ನು ತಳ್ಳಿಬಿಟ್ಟ. ಇಂಥ ಗೇಮ್‌ಗಳಿಂದಲೇ ಮಕ್ಕಳು ಕೊಲೆಗಾರರಾಗುತ್ತಿರುವುದು. 2020ರಲ್ಲಿ ಪಬ್‌ಜಿ ನಿಷೇಧಿಸಿದ್ದೂ ಅದಕ್ಕೇ ಅಲ್ವಾ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಆತಂಕ ಸುಳ್ಳಲ್ಲ. ಆದರೆ ನೀವು ಬೊಟ್ಟು ಮಾಡುತ್ತಿರುವ ಜಾಗ ಬೇರೆ ಅನ್ನಿಸುತ್ತದೆ.

ಮೊದಲು ನಿಷೇಧದ ಮಾತು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಜನರ ಖಾಸಗಿ ಮಾಹಿತಿ. ಹಿಂಸೆಯಲ್ಲ. ಮರುವರ್ಷವೇ ಹೆಚ್ಚುಕಮ್ಮಿ ಅದೇ ಆಟ ಬಿಜಿಎಂಐ ಅನ್ನುವ ಹೆಸರಿನಲ್ಲಿ ಬಂತು.

ಇನ್ನು ಕೊಲೆಯ ಮಾತು. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ ಸ್ಪಷ್ಟವಾಗಿ ಹೇಳಿತು: ಗೇಮ್‌ಗಳಿಂದ ನಿಜವಾದ ಹಿಂಸಾಚಾರ ಹುಟ್ಟುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಕೂಗಾಟ, ತಳ್ಳಾಟದಂಥ ಒರಟುತನದ ಜೊತೆ ಮಾತ್ರ ಸಣ್ಣ ನಂಟು ಕಾಣುತ್ತದೆ. ಬ್ರಿಟನ್ನಿನಲ್ಲಿ 14-15 ವರ್ಷದ ಸುಮಾರು 1,000 ಮಕ್ಕಳ ಮೇಲೆ ಆಕ್ಸ್‌ಫರ್ಡ್‌ನವರು ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೂ ಸಿಗಲಿಲ್ಲ. ಮಕ್ಕಳ ನಡತೆ ಹೇಗಿದೆ ಅಂತ ಅವರು ಕೇಳಿದ್ದು ಅಪ್ಪ ಅಮ್ಮಂದಿರನ್ನೇ.

ಹಾಗಾದರೆ ಸಿಟ್ಟು ಎಲ್ಲಿಂದ? 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕಾಲೇಜು ವಯಸ್ಸಿನವರಿಗೆ ಟೆಟ್ರಿಸ್ ಆಡಲು ಕೊಟ್ಟರು. ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟ. ಬಂದೂಕಿಲ್ಲ, ರಕ್ತವಿಲ್ಲ. ಕೆಲವರಿಗೆ ಸುಲಭದ ಆಟ, ಕೆಲವರಿಗೆ ಬೇಕಂತಲೇ ಕಷ್ಟ ಮಾಡಿದ್ದು. ಆಮೇಲೆ, ಮುಂದೆ ಬರುವವರು ಕೊರೆಯುವ ತಣ್ಣೀರಿನಲ್ಲಿ ಎಷ್ಟು ಹೊತ್ತು ಕೈ ಅದ್ದಿಟ್ಟುಕೊಳ್ಳಬೇಕು ಅಂತ ಕೇಳಿದರು. ಕಷ್ಟದ ಆಟದಲ್ಲಿ ಒದ್ದಾಡಿದವರು ಸರಾಸರಿ 10 ಸೆಕೆಂಡ್ ಜಾಸ್ತಿ ಹೇಳಿದರು! ಕಬಡ್ಡಿಯಲ್ಲಿ ಸೋತ ಹುಡುಗರು ಅಂಪೈರ್ ಮೇಲೆ ಏರಿ ಹೋಗುವುದಿಲ್ಲವೇ, ಅದೇ ಸಿಟ್ಟು.

ಈಗ ನಿಮ್ಮ ಮನೆಯ ಆ ರಾತ್ರಿಗೆ ಬರೋಣ. ಬಿಜಿಎಂಐಯಲ್ಲಿ ಒಂದು ಮ್ಯಾಚ್‌ಗೆ 100 ಜನ ಇಳಿಯುತ್ತಾರೆ. ಅರ್ಧ ಗಂಟೆಯ ತನಕವೂ ನಡೆಯುತ್ತದೆ. ಆಡುವ ಜಾಗದ ಸರ್ಕಲ್ ಕುಗ್ಗುತ್ತಾ ಬರುತ್ತದೆ, ಹೆಡ್‌ಫೋನಿನಲ್ಲಿ ಅವನ ತಂಡದ ಮೂವರು ಗೆಳೆಯರು ‘ಲೋ, ಕವರ್ ಕೊಡೋ’ ಅಂತಿರುತ್ತಾರೆ. ನಡುವೆ ಆಟ ತಡೆದು ನಿಲ್ಲಿಸಲು ಬರುವುದಿಲ್ಲ. ಆ ಹೊತ್ತಿಗೆ ಫೋನ್ ಕಿತ್ತುಕೊಂಡರೆ ಅವನ ಆಟವೂ ಹೋಯಿತು, ಗೆಳೆಯರ ಮುಂದೆ ಮರ್ಯಾದೆಯೂ ಹೋಯಿತು. ಸುಮ್ನೆ ‘ಈ ಮ್ಯಾಚ್ ಮುಗಿಸಿ ಇಡು’ ಅಂದು ನೋಡಿ. ಮುಗಿದ ಮೇಲೂ ಇಡದಿದ್ದರೆ ನೀವು ಗಟ್ಟಿಯಾಗಿ ನಿಲ್ಲಿ, ಅಲ್ಲಿ ರಿಯಾಯಿತಿ ಬೇಡ. ರಾತ್ರಿ ಆಟವನ್ನಂತೂ ಬಿಡಿಸಿ. ನಿದ್ದೆಗೆಟ್ಟ ಮಗು ಗೇಮ್ ಇಲ್ಲದೆಯೂ ಸಿಡುಕುತ್ತದೆ.

ಒಂದು ದಿನ ಪಕ್ಕದಲ್ಲಿ ಕೂತು ಹೆಡ್‌ಫೋನ್ ತೆಗೆಸಿ ಕೇಳಿಸಿಕೊಳ್ಳಿ. ನನಗೆ ಬಂದೂಕಿಗಿಂತ ಆ ವಾಯ್ಸ್ ಚಾಟ್ ಜಾಸ್ತಿ ಭಯ. ಗುರುತು ಪರಿಚಯ ಇಲ್ಲದ ದೊಡ್ಡವರು ಹದಿನಾಲ್ಕರ ಹುಡುಗನಿಗೆ ಅಮ್ಮ ಅಕ್ಕ ಎತ್ತಿ ಬೈಯುವುದು ಅಲ್ಲಿ ನಡೆಯುತ್ತದೆ.

ಊಟ, ಓದು, ಗೆಳೆಯರು ಎಲ್ಲ ಬಿಟ್ಟು ತಿಂಗಳುಗಟ್ಟಲೆ ಗೇಮೇ ಆದರೆ ಅದು ಬೇರೆ ಮಾತು. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ತಂಗಿಯನ್ನು ತಳ್ಳಿದ್ದು. ಅದಕ್ಕೆ ಗೇಮನ್ನು ನೆಪ ಮಾಡಲು ಅವನಿಗೂ ಬಿಡಬೇಡಿ, ನೀವೂ ಮಾಡಬೇಡಿ. ಪೆಟ್ಟು ಬಿದ್ದದ್ದು ಅವಳಿಗೆ. ಅವಳ ಎದುರು ನಿಂತು ತಪ್ಪಾಯ್ತು ಅಂತ ಅವನೇ ಹೇಳಲಿ, ಫೋನ್ ವಾಪಸ್ ಕೊಡುವ ಮಾತು ಆಮೇಲೆ.